ಡೀಸೆಲ್ ಎಂಜಿನ್ನಿನ ಉಸಿರು

1796ರಲ್ಲಿ ಜೇಮ್ಸ್ ವಾಟನ ಸಹಾಯಕನಾದ ಜಾನ್ ಸದರ್ನ್ ಎಂಬಾತನು ಉಗಿಯಂತ್ರದ ಸಿಲಿಂಡರಿನೊಳಗಿನ ಒತ್ತಡದ ಏರಿಳಿತವನ್ನು ಪೆನ್ಸಿಲು ತಾನಾಗಿಯೇ ಕಾಗದದ ಮೇಲೆ ಗೆರೆಯಾಗಿ ಬರೆಯುವಂತೆ ಮಾಡಿದನು. ಕವಾಟಗಳು ತಡವಾಗಿ ತೆರೆಯುತ್ತಿದ್ದರೆ ಆ ಗೆರೆಯೇ ಅದನ್ನು ಹೇಳಿಬಿಡುತ್ತಿತ್ತು. ವ್ಯಾಪಾರದ ಗುಟ್ಟೆಂದು ವಾಟನ ಕಡೆಯವರು ಈ ಉಪಾಯವನ್ನು ಬಹುಕಾಲ ಹೊರಗೆಡಹಲಿಲ್ಲ. ಇಂದು ಡೀಸೆಲ್ ಎಂಜಿನ್ನನ್ನು ಬಿಚ್ಚದೆಯೇ ಪರೀಕ್ಷಿಸುವವರು ಹಿಡಿಯುವ ದಾರಿಯೂ ಇದಕ್ಕೆ ಹತ್ತಿರವಾದುದೇ. ಪೆನ್ಸಿಲಿಗೆ ಬದಲಾಗಿ ಗಾಳಿಯ ಒಳಹರಿವಿನ ಕೊಳವೆಗೆ ಜೋಡಿಸಿದ ಸೂಕ್ಷ್ಮ ಸಂವೇದಕ. ಕಾಗದಕ್ಕೆ ಬದಲಾಗಿ ಆಸಿಲೋಸ್ಕೋಪಿನ ತೆರೆ.

ಚೂಷಣ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿಯನ್ನು ಎಳೆದುಕೊಂಡಾಗ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ತೆರೆಯ ಮೇಲೆ ಒಂದು ತಗ್ಗು ಮೂಡುತ್ತದೆ. ಸಿಲಿಂಡರುಗಳು ನಾಲ್ಕಿದ್ದರೆ, ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ತಗ್ಗುಗಳು. ಪೆಟ್ರೋಲ್ ಎಂಜಿನ್ನಿನಲ್ಲಿ ವೇಗವನ್ನು ಹತೋಟಿಯಲ್ಲಿಡಲು ಗಾಳಿಯನ್ನೇ ತಡೆಹಿಡಿಯುತ್ತಾರೆ. ಡೀಸೆಲ್ಲಿನಲ್ಲಿ ಹಾಗಿಲ್ಲವಾದುದರಿಂದ ಈ ತಗ್ಗುಗಳು ಆಳವಾಗಿರುವುದಿಲ್ಲ.

ಪಿಸ್ಟನ್ ತಳ ಮುಟ್ಟಿದ ಕೂಡಲೇ ಒಳಗವಾಟ ಮುಚ್ಚಿಕೊಳ್ಳುವುದೆಂದು ತೋರಬಹುದು, ಆದರೆ ಹಾಗಾಗುವುದಿಲ್ಲ. ರಭಸದಿಂದ ನುಗ್ಗಿ ಬರುವ ಗಾಳಿಯು ಪಿಸ್ಟನ್ ಮೇಲಕ್ಕೆ ಹೊರಳಿದ ಮೇಲೂ ಸ್ವಲ್ಪ ಹೊತ್ತು ಒಳಸೇರುತ್ತಲೇ ಇರುತ್ತದೆ. ಅದಕ್ಕಾಗಿ ಕವಾಟವನ್ನು ಬೇಕೆಂದೇ ತಡವಾಗಿ ಮುಚ್ಚುವಂತೆ ರೂಪಿಸಿರುತ್ತಾರೆ. ಈ ತಡ ಮಿತಿ ಮೀರಿದರೆ ಮಾತ್ರ ಕೇಡು. ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ಮೆಲ್ಲನೆ ತಿರುಗಿಸುವಾಗ ಗಾಳಿಗೆ ಆ ರಭಸವಿಲ್ಲ. ಒಳಬಂದ ಗಾಳಿಯನ್ನು ಪಿಸ್ಟನ್ ಮರಳಿ ಕೊಳವೆಗೇ ತಳ್ಳುತ್ತದೆ. ಸಂಪೀಡನ ಸಾಲದೆ, ಗಾಳಿ ಸಾಕಷ್ಟು ಕಾಯದೆ, ಎಂಜಿನ್ ಹೊತ್ತಿಕೊಳ್ಳಲು ಒಲ್ಲದು.

ಟೈಮಿಂಗ್ ಬೆಲ್ಟು ಒಂದೇ ಒಂದು ಹಲ್ಲು ಜಾರಿದರೂ ಇಂಥ ಕೇಡು ತಲೆದೋರಬಹುದು. ಕ್ಯಾಮ್ ದಂಡದ ಚಕ್ರಕ್ಕೆ 40 ಹಲ್ಲುಗಳಿದ್ದರೆ ಒಂದು ಹಲ್ಲು ಕ್ಯಾಮಿನ 9 ಡಿಗ್ರಿಗೆ, ಎಂದರೆ ಕ್ರ್ಯಾಂಕಿನ 18 ಡಿಗ್ರಿಗೆ ಸಮ. ಆಗ ನಾಲ್ಕು ತಗ್ಗುಗಳೂ ಒಂದೇ ಪ್ರಮಾಣದಲ್ಲಿ ಸ್ಥಾನಪಲ್ಲಟಗೊಳ್ಳುತ್ತವೆ. ಕ್ರ್ಯಾಂಕಿನ ಸ್ಥಾನವನ್ನೂ ಅದೇ ತೆರೆಯ ಮೇಲೆ ಗುರುತಿಸದಿದ್ದರೆ ಇದು ತಿಳಿಯುವುದಿಲ್ಲ. ತಗ್ಗುಗಳನ್ನು ಎಣಿಸಿದ್ದಷ್ಟೇ ಬಂತು. ಬೆಲ್ಟು ಇನ್ನೂ ಕೆಲವು ಹಲ್ಲು ಜಾರಿದರೆ ಕವಾಟಗಳು ಪಿಸ್ಟನ್ನಿಗೇ ಬಡಿದು ಬಾಗುತ್ತವೆ, ಏಕೆಂದರೆ ಡೀಸೆಲ್ಲಿನಲ್ಲಿ ಅವೆರಡರ ನಡುವಣ ತೆರಪು ಬಹಳ ಕಿರಿದು. ಆದುದರಿಂದ ಅನುಮಾನ ಬಂದೊಡನೆ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸುವುದು ಅಪಾಯಕರ.

ನಾಲ್ಕರಲ್ಲಿ ಒಂದು ತಗ್ಗು ಮಾತ್ರ ಕೆಟ್ಟಿದ್ದರೆ ಬೆಲ್ಟನ್ನು ದೂರಬೇಕಾಗಿಲ್ಲ. ಒಂದು ಕವಾಟ ಸರಿಯಾಗಿ ಕೂಡದೆ ಸೋರುತ್ತಿರಬಹುದು. ಇಲ್ಲಿ ಅನುಭವವಿಲ್ಲದವರು ಎಡವುವುದುಂಟು. ಒಳಗವಾಟ ಸೋರಿದರೆ ಸಂಪೀಡನ ಹೊಡೆತದ ಗಾಳಿ ಕೊಳವೆಗೆ ನುಗ್ಗಿ ತೆರೆಯ ಮೇಲೆ ಒಂದು ಉಬ್ಬು ಏಳುತ್ತದೆ. ಆದರೆ ಆ ಹೊತ್ತಿಗೆ ಗಾಳಿ ಎಳೆಯುತ್ತಿರುವುದು ಸರದಿಯಲ್ಲಿ ಮುಂದಿನ ಸಿಲಿಂಡರು. ಹೊತ್ತಿಕೊಳ್ಳುವ ಸರದಿ 1, 3, 4, 2 ಎಂದಿರುವಲ್ಲಿ 3ನೆಯದರ ತಗ್ಗಿನಲ್ಲಿ ಉಬ್ಬು ಕಂಡರೆ, ಬಿಚ್ಚಿ ನೋಡಬೇಕಾದುದು 1ನೆಯದರ ಕವಾಟವನ್ನು.