ಹಾಡು ಒಳಗಿದೆ, ಪಟ್ಟಿಯಲ್ಲಿಲ್ಲ!

ನಮ್ಮ ಓಣಿಯ ಅಜ್ಜಿಗೆ ಸೋಬಾನೆ ಹಾಡು ಬಹಳ ಬರುತ್ತವೆ. ಅವನ್ನು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಇಟ್ಟೆವು. ಹೊಲಕ್ಕೆ ಒಯ್ದು ಕೇಳೋಣ ಅಂತ ಒಂದು ಹಳೆಯ ಐಪಾಡ್ ತಂದೆವು.

ಐಪಾಡ್ ಅಂದರೆ ಜೇಬಿನಲ್ಲಿ ಹಿಡಿಸುವ ಹಾಡಿನ ಪೆಟ್ಟಿಗೆ. ಅಮೆರಿಕದ ಆಪಲ್ ಕಂಪನಿ ಇದನ್ನು 2001ರಲ್ಲಿ ತಂದಿತು. 2022ರಲ್ಲಿ ನಿಲ್ಲಿಸಿತು. ಹಳೆಯವು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ.

ನಮ್ಮ ಕಂಪ್ಯೂಟರಿನಲ್ಲಿ ಇರೋದು ಲಿನಕ್ಸ್. ಏನಿದು? ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುವ ಬರವಣಿಗೆ. ಇದಕ್ಕೆ ತಂತ್ರಾಂಶ ಅಂತಾರೆ. ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದನ್ನು ಶುರು ಮಾಡಿದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಐಪಾಡಿಗೆ ಹಾಡು ತುಂಬಲು ಆಪಲ್ ಕಂಪನಿಯದೇ ತಂತ್ರಾಂಶ ಇದೆ. ಅದರ ಹೆಸರು ಐಟ್ಯೂನ್ಸ್. ಆದರೆ ಅದನ್ನು ಲಿನಕ್ಸಿಗೆ ಮಾಡಲೇ ಇಲ್ಲ.

ಇರಲಿ ಅಂತ ತಂತಿ ಸಿಕ್ಕಿಸಿದೆವು. ಐಪಾಡ್ ಪರದೆಯ ಮೇಲೆ ಕಾಣಿಸಿತು. ಹಾಡುಗಳನ್ನು ಅದರೊಳಗೆ ನಕಲು ಮಾಡಿದೆವು. ತಂತಿ ಬಿಡಿಸಿ ನೋಡಿದರೆ ಒಂದು ಹಾಡೂ ಇಲ್ಲ! ಎಲ್ಲಿ ಹೋದವು?

ಎಲ್ಲೂ ಹೋಗಿಲ್ಲ. ರೇಷನ್ ಅಂಗಡಿ ನೆನೆಸಿಕೊಳ್ಳಿ. ಮನೆಯಲ್ಲಿ ಐದು ಜನ ಇದ್ದೀರಿ. ಕಾರ್ಡಿನಲ್ಲಿ ನಾಲ್ಕೇ ಹೆಸರು. ಐದನೆಯವರಿಗೆ ಅಕ್ಕಿ ಕೊಡ್ತಾರಾ? ಐಪಾಡೂ ಹಾಗೇ. ಅದರೊಳಗೆ ಹಾಡುಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಹಾಡುತ್ತದೆ.

ಈ ಪಟ್ಟಿ ಬರೆಯೋದನ್ನು ಲಿನಕ್ಸ್ ಬಳಸುವವರು ತಾವೇ ಕಂಡುಕೊಂಡರು. 2007ರಲ್ಲಿ ಬಂದ ಹೊಸ ಐಪಾಡುಗಳಲ್ಲಿ ಪಟ್ಟಿಯ ಜೊತೆ ಒಂದು ಗುಟ್ಟಿನ ಲೆಕ್ಕ ಸೇರಿತು. ಲೆಕ್ಕ ತಪ್ಪಿದರೆ ಪಟ್ಟಿ ನಡೆಯದು, ಮುದ್ರೆ ಇಲ್ಲದ ಕಾಗದದ ಹಾಗೆ. ಕೆಲವೇ ದಿನಗಳಲ್ಲಿ ಅದನ್ನೂ ಬಿಡಿಸಿದರು. ಗಟ್ಟಿಗರೇ ಸೈ! ನಮ್ಮದು ಅದಕ್ಕಿಂತ ಹಳೆಯದು, ಆ ತೊಂದರೆ ಬರಲಿಲ್ಲ.

ಲಿನಕ್ಸಿನಲ್ಲಿ ರಿದಮ್‌ಬಾಕ್ಸ್ ಎಂಬ ತಂತ್ರಾಂಶ ಇದೆ. ಅದನ್ನು ತೆರೆದೆವು. ಐಪಾಡಿನ ಹೆಸರು ಎಡಗಡೆ ಬಂತು. ಹಾಡುಗಳನ್ನು ಎಳೆದು ಆ ಹೆಸರಿನ ಮೇಲೆ ಬಿಟ್ಟೆವು. ಹಾಡೂ ಒಳಗೆ ಹೋಯಿತು, ಪಟ್ಟಿಯೂ ತಯಾರಾಯಿತು.

ಆದರೆ ತಂತಿಯನ್ನು ಫಕ್ಕನೆ ಕೀಳಬೇಡಿ. ಕೆಲಸ ಮುಗಿದಂತೆ ಕಂಡರೂ ಒಳಗೆ ಬರವಣಿಗೆ ನಡೆಯುತ್ತಿರಬಹುದು. ಅರ್ಧ ಬರೆದ ಪಟ್ಟಿ ಕೆಟ್ಟುಹೋಗುತ್ತದೆ. ನಾವು ಒಮ್ಮೆ ಅವಸರ ಮಾಡಿ ಇದ್ದ ಹಾಡುಗಳನ್ನೂ ಕಳಕೊಂಡೆವು. ಮತ್ತೆ ಮೊದಲಿಂದ ತುಂಬಬೇಕಾಯಿತು. ಕಂಪ್ಯೂಟರಿನಲ್ಲಿ ಐಪಾಡಿನ ಹೆಸರಿನ ಹತ್ತಿರ ಮೇಲ್ಮುಖದ ಬಾಣ ಇರುತ್ತದೆ. ಅದನ್ನು ಒತ್ತಿ. 'ಡು ನಾಟ್ ಡಿಸ್ಕನೆಕ್ಟ್', ಅಂದರೆ 'ತಂತಿ ಬಿಡಿಸಬೇಡಿ' ಎಂಬ ಮಾತು ಐಪಾಡಿನ ಮೇಲಿಂದ ಹೋಗಲಿ. ಆಮೇಲೆ ಬಿಡಿಸಿ.

ಈ ಸಲ ಕಾದೆವು. ಬಿಡಿಸಿ ಮೊದಲು ಅಜ್ಜಿಯ ಕಿವಿಗೇ ಇಟ್ಟೆವು. ಅಜ್ಜಿ ಸ್ವಲ್ಪ ಹೊತ್ತು ಕೇಳಿದರು. "ಅಯ್ಯ, ಎರಡನೇ ನುಡಿ ಬಿಟ್ಟೀನಲ್ಲೋ ತಮ್ಮಾ" ಅಂದರು.