ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ: ಹುಬ್ಬಳ್ಳಿ-ಧಾರವಾಡ ಸೀಮೆಯ ವಾಡೆಗಳು

1947ರಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ ಆವರಣವಿರುವ ಹುಬ್ಬಳ್ಳಿಯ ವಿದ್ಯಾನಗರವು ಸಿಮೆಂಟಿನ ಕಾಲದ ಬಡಾವಣೆ. ಅದಕ್ಕಿಂತ ಹಿಂದಿನ ಗೃಹನಿರ್ಮಾಣವನ್ನು ಅರಿಯಬೇಕಾದರೆ ಹಳೇಹುಬ್ಬಳ್ಳಿಯ ಓಣಿಗಳಿಗೆ, 1727ರಲ್ಲಿ ಬಸಪ್ಪ ಶೆಟ್ಟರು ಕಟ್ಟಿಸಿದರೆನ್ನಲಾದ ದುರ್ಗದಬೈಲಿನ ಆಸುಪಾಸಿಗೆ, ಇಲ್ಲವೇ ಸುತ್ತಲಿನ ಹಳ್ಳಿಗಳ ವಾಡೆಗಳಿಗೆ ಹೋಗಬೇಕಾಗುತ್ತದೆ. ದೇಸಾಯಿ, ದೇಶಪಾಂಡೆ ಮುಂತಾದ ವತನದಾರರೂ ಸಿರಿವಂತ ವರ್ತಕರೂ ಕಟ್ಟಿಸಿಕೊಂಡ, ಅಂಗಳ ಮತ್ತು ಪಡಸಾಲೆಗಳುಳ್ಳ ದೊಡ್ಡ ಮನೆಯೇ ವಾಡೆ. ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗೆ ಮೀಸಲಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರ ವಾಡೆ ಸವದತ್ತಿ ತಾಲ್ಲೂಕಿನ ಸಿರಸಂಗಿಯಲ್ಲಿದೆ.

ವಾಡೆಯ ಗೋಡೆ ಹೊರನೋಟಕ್ಕೆ ಒಂದೇ ಕಲ್ಲಿನ ರಾಶಿಯಂತೆ ತೋರಿದರೂ ವಾಸ್ತವದಲ್ಲಿ ಅದು ಎರಡು ಮೈಗಳ ರಚನೆಯಾಗಿದ್ದು, ಒಳಹೊರಗಿನ ಕಲ್ಲುಗಳ ನಡುವೆ ಕಲ್ಲುಚೂರು ಮತ್ತು ಹದಗೊಳಿಸಿದ ಮಣ್ಣನ್ನು ತುಂಬಿ, ಅಲ್ಲಲ್ಲಿ ಗೋಡೆಯ ಅಗಲಕ್ಕೂ ಚಾಚುವ ಉದ್ದನೆಯ ಕಲ್ಲುಗಳಿಂದ ಎರಡನ್ನೂ ಬಿಗಿಯಲಾಗುತ್ತದೆ. ಮಾಳಿಗೆಯ ಭಾರವನ್ನು ಬಹುಮಟ್ಟಿಗೆ ಹೊರುವುದು ಕಟ್ಟಿಗೆಯ ಕಂಬ, ಬೋದಿಗೆ ಮತ್ತು ತೊಲೆಗಳು. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ದಪ್ಪನೆಯ ಮಣ್ಣು. ಎಲ್ಲಕ್ಕೂ ಮೇಲೆ, ನೀರು ತಾಗಿದೊಡನೆ ಅಂಟಾಗಿ ರಂಧ್ರಗಳನ್ನು ಮುಚ್ಚುವ ಕರಲು ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುನ್ನ ಈ ಪದರವನ್ನು ಹೊಸದು ಮಾಡದಿದ್ದರೆ ಮಾಳಿಗೆ ಸೋರುತ್ತದೆ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬೀಳುವ ಬಿಸಿಲು ಅಡುಗೆಮನೆಯ ಹೊಗೆಯಲ್ಲಿ ಕೋಲಿನಂತೆ ನಿಲ್ಲುತ್ತದೆ. ಹಲವು ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನಗಳ ಗೋದಲಿ, ಅಲ್ಲಿಂದ ಒಂದು ಮೆಟ್ಟಿಲಷ್ಟು ಎತ್ತರದಲ್ಲಿ ಪಡಸಾಲೆ ಇರುತ್ತದೆ. ಜೋಳ ತುಂಬಿಡುವ ಹಗೇವು ನೆಲದಡಿಯಲ್ಲಿರುತ್ತದೆ.

ಧಾರವಾಡವು ಮಲೆನಾಡು ಮತ್ತು ಬಯಲುಸೀಮೆಗಳ ಅಂಚಿನಲ್ಲಿರುವುದರಿಂದ, ಗದಗ-ನವಲಗುಂದದ ಕಡೆಗೆ ಮಣ್ಣಿನ ಮಾಳಿಗೆಯೂ ಪಶ್ಚಿಮದ ಮಳೆಸೀಮೆಯಲ್ಲಿ ಹಂಚಿನ ಇಳಿಜಾರು ಮಾಡೂ ರೂಢಿಯಾದವು.

ಇಂಥ ಹಳೆಯ ಗೋಡೆಗಳ ದುರಸ್ತಿಗೆ ದೂರದ ಊರೊಂದರಿಂದ ಪಾಠ ಸಿಗುತ್ತದೆ. ಕಲ್ಲಿನ ಊರುಮನೆಗಳಿಗೆ ಹೆಸರಾದ ಸ್ಕಾಟ್ಲೆಂಡಿನ ಎಡಿನ್‌ಬರೋ, 1767ರ ಜೇಮ್ಸ್ ಕ್ರೇಗ್ ನಕ್ಷೆಯಂತೆ ಬೆಳೆದ ಹೊಸ ಪಟ್ಟಣವೂ ಸೇರಿದಂತೆ, 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮರಳುಗಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿದ ದುರಸ್ತಿಗಳು ತೇವವನ್ನು ಹೊರಬಿಡದೆ ಕಲ್ಲಿನ ಮೈಯನ್ನೇ ಉದುರಿಸಿದವಾದ್ದರಿಂದ ಸಂರಕ್ಷಕರು ಸುಣ್ಣದ ಗಾರೆಗೆ ಮರಳಿದ್ದಾರೆ. ಮಣ್ಣಿನಲ್ಲಿ ಕಟ್ಟಿದ ವಾಡೆಯ ಗೋಡೆಗೆ ಸಿಮೆಂಟಿನ ಗಿಲಾವು ಇನ್ನೂ ಕೆಟ್ಟದ್ದು: ಒಳಗೆ ಸಿಕ್ಕಿಕೊಂಡ ತೇವದಿಂದ ನಡುವಿನ ಮಣ್ಣು ಸಡಿಲಗೊಂಡು ಗೋಡೆ ಹೊಟ್ಟೆಬಿಡುತ್ತದೆ. ಆದ್ದರಿಂದ ಹಳೆಯ ಮನೆಯ ದುರಸ್ತಿಗೆ ಕೈಹಾಕುವವರು ಮೊದಲು ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಿ, ಬಳಿಕ ಸಿಮೆಂಟನ್ನು ಮೆಲ್ಲಗೆ ಕೆತ್ತಿ ತೆಗೆಸಿ, ಮಣ್ಣು ಮತ್ತು ಸುಣ್ಣದ ಕೆಲಸ ಬಲ್ಲ ಗೌಂಡಿಯಿಂದ ಸಂದುಗಳನ್ನು ತುಂಬಿಸುವುದು ಲೇಸು.