ಮೊದಲು ಒಂದು ನಿಸ್ಕಾರ ಕುಪ್ಪಾಯ ಹೊಲಿಯಿರಿ

ರಮಝಾನ್ ತಿಂಗಳು ಅರ್ಧ ಕಳೆಯಿತೆಂದರೆ ಹುಬ್ಬಳ್ಳಿಯ ಟೈಲರುಗಳು ಹೊಸ ಬಟ್ಟೆ ಹಿಡಿಯುವುದಿಲ್ಲ. "ಇನ್ನ ಆಗಂಗಿಲ್ರೀ, ಹಬ್ಬ ಮುಗದ ಮ್ಯಾಲೆ ಬರ್ರಿ" ಅಂದರೆ ಮುಗಿಯಿತು. ಮತ್ತೆ ದುರ್ಗದ ಬೈಲ್, ಶಾ ಬಜಾರ್, ಜನತಾ ಬಜಾರ್ ಸುತ್ತಿ ರೆಡಿಮೇಡ್ ಹುಡುಕಬೇಕು. ಬಣ್ಣ ಚೆಂದ ಇರುತ್ತದೆ, ರೇಟೂ ಪರವಾಗಿಲ್ಲ. ಆದರೆ ತೋಳು ಮೊಣಕೈ ದಾಟಿ ನಾಲ್ಕು ಬೆರಳಿಗೆ ನಿಂತಿರುತ್ತದೆ, ಕುತ್ತಿಗೆ ಅಗಲ, ಪಕ್ಕದ ಸೀಳು ಸೊಂಟದವರೆಗೆ. ಒಳಗೊಂದು ಸ್ಲಿಪ್, ಕೈಗೆ ಬೇರೆ ತೋಳು, ಮೇಲೆ ಪಿನ್ನು. ಪೆರ್ನಾಳ್ ದಿನ ಇಡೀ ಆ ಪಿನ್ನು ಸರಿಮಾಡುವುದೇ ಕೆಲಸ.

ಕರಾವಳಿಯ ಊರುಗಳಲ್ಲಿ ಈ ಕಷ್ಟ ಇಷ್ಟಿಲ್ಲ. ಬಂಟ್ವಾಳ, ಉಳ್ಳಾಲ, ಪುತ್ತೂರು ಕಡೆ ಬೀಡಿ ಸೂಪಿನ ಜೊತೆಗೆ ಹೊಲಿಗೆ ಮಷಿನೂ ಇರುವ ಮನೆ ಹತ್ತಿರದಲ್ಲೇ ಒಂದು ಸಿಗುತ್ತದೆ. ಅಳತೆ ಕೊಡಲು ಸಂಕೋಚವಿಲ್ಲ, ನಮ್ಮವರೇ. ವ್ಯಾಪಾರಕ್ಕೋ ನೌಕರಿಗೋ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಬಂದ ಮನೆಗಳಿಗೆ ಆ ಅನುಕೂಲ ಇಲ್ಲ. ಇಲ್ಲಿ ಅಂಗಡಿಯಲ್ಲಿ ಟೇಪು ಹಿಡಿದು ನಿಂತವರು ಬಹುಪಾಲು ಗಂಡಸರು. (ಮನೆಯಲ್ಲಿ ಹೊಲಿಗೆ ಹೆಂಗಸರ ಕೆಲಸ, ಅದೇ ಹೊಲಿಗೆಗೆ ದುಡ್ಡು ಬರುವಾಗ ಗಂಡಸರ ಕೆಲಸ. ಇದು ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ ಹಾಗೇ.) ಹಾಗಾಗಿ ಮೈ ಅಳತೆ ಕೊಡುವ ಬದಲು ಹಳೆಯ ಚೂಡಿದಾರ ಒಂದನ್ನು "ಇದರ ಹಾಗೇ ಹೊಲಿಯಿರಿ" ಅಂತ ಕೊಟ್ಟು ಬರುತ್ತೇವೆ.

ತೊಂದರೆ ಶುರುವಾಗುವುದೇ ಆ ಅಳತೆ ಬಟ್ಟೆಯಿಂದ. ಅದೂ ಯಾವುದೋ ಹಳೆಯ ಅಳತೆ ಬಟ್ಟೆ ನೋಡಿ ಹೊಲಿದದ್ದು. ಮದುವೆಗೆ ಮೊದಲಿನ ಭುಜ, ಮೊದಲ ಹೆರಿಗೆಗೆ ಮುಂಚಿನ ಸೊಂಟ, ಅದೇ ಬಟ್ಟೆಯಿಂದ ಬಟ್ಟೆಗೆ ಹತ್ತು ವರ್ಷ ನಡೆಯುತ್ತದೆ. ಕಂಕುಳಲ್ಲಿ ಬಿಗಿ ಅಂತ ಹೇಳಲು ನಾಚಿಕೆ, ಹೇಳದೆ ಇದ್ದರೆ ಮತ್ತೆ ಬಿಗಿ. ಮಗುವಿಗೆ ಹಾಲು ಕೊಡುವವಳಿಗೆ ಎದೆಯ ಹತ್ತಿರ ಮರೆಯಾಗಿ ಜಿಪ್ ಬೇಕು; ಆಪರೇಷನ್ ಆದವಳಿಗೆ ಒಂದು ಕಡೆ ಸಡಿಲ ಬೇಕು. ಇದನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಯಾರಿಗೆ ಹೇಳುವುದು?

ಹೊಲಿಗೆ ಕಲಿತರೆ ದುಡ್ಡು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಬಟ್ಟೆ, ಲೈನಿಂಗ್, ನೂಲು, ಜಿಪ್, ಕೆಟ್ಟುಹೋದ ತುಂಡು ಎಲ್ಲ ಲೆಕ್ಕ ಹಾಕಿದರೆ ಜನತಾ ಬಜಾರಿನ ಕುರ್ತಿಯೇ ಅಗ್ಗವಾದೀತು. ದುಡ್ಡು ಉಳಿಯುವುದು ರಿಪೇರಿಯಲ್ಲಿ, ಮಕ್ಕಳ ಬಟ್ಟೆಯಲ್ಲಿ, ತೋಳು ಉದ್ದ ಮಾಡುವುದರಲ್ಲಿ, ಕರ್ಟನ್, ದಿಂಬಿನ ಕವರಿನಲ್ಲಿ. ಉಳಿದಂತೆ ಕಲಿಯಬೇಕಾದದ್ದು ದುಡ್ಡಿಗಾಗಿ ಅಲ್ಲ. ನಮ್ಮ ಮೈ ಅಳತೆ ನಮ್ಮ ಕೈಯಲ್ಲೇ ಇರಲಿ ಎನ್ನುವುದಕ್ಕೆ.

ಹೆಚ್ಚಿನವರು ಕಲಿಕೆಯನ್ನು ಅರ್ಧಕ್ಕೆ ಬಿಡುವ ಕಾರಣವೂ ಗೊತ್ತಿರುವುದೇ. ಕ್ಲಾಸಿಗೆ ಹೋದ ಮೊದಲ ವಾರವೇ ರವಿಕೆ. ಇಲ್ಲಿಯವರು ಜಂಪರ್ ಅನ್ನುತ್ತಾರೆ. ಹೊಲಿಗೆಯಲ್ಲಿ ಅದರಷ್ಟು ಹಠಮಾರಿ ಬಟ್ಟೆ ಇನ್ನೊಂದಿಲ್ಲ: ಮೈಗೆ ಅಂಟಬೇಕು, ಡಾಟ್ ಕೂರಬೇಕು, ತೋಳಿನ ಸುತ್ತು ಸರಿಬರಬೇಕು, ಕಾಲಿಂಚು ತಪ್ಪಿದರೂ ಕಾಣುತ್ತದೆ. ಎರಡು ತುಂಡು ಹಾಳಾದ ಮೇಲೆ "ನನ್ನ ಕೈಗೆ ಇದು ಆಗೋದಲ್ಲ" ಅಂತ ಮಷಿನಿನ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಡುತ್ತಾರೆ.

ನಮ್ಮ ಮನೆಗಳಿಗೆ ಅದಕ್ಕಿಂತ ಒಳ್ಳೆಯ ಮೊದಲ ಪಾಠ ಇದೆ. ಹಿಂದಿನವರ ಉಡುಪು ತುಣಿ, ಕುಪ್ಪಾಯ, ತಲೆಗೊಂದು ವಸ್ತ್ರ. ಕುಪ್ಪಾಯ ಎಂದರೆ ಸಡಿಲವಾದ ಮೇಲಂಗಿ. ಈ ಕಡೆಯವರ ಕುಪ್ಪಸ, ನಮ್ಮ ಕುಪ್ಪಾಯ, ಹೆಸರಿನಲ್ಲಿ ಅಕ್ಕತಂಗಿಯರ ಹಾಗಿದ್ದರೂ ಹೊಲಿಗೆಯಲ್ಲಿ ಬೇರೆ ಬೇರೆ. ತುಣಿ ಉಡುವವರು ಈಗ ಕಡಿಮೆಯಾದರೂ ನಿಸ್ಕಾರ ಕುಪ್ಪಾಯ ಉಳಿದಿದೆ. ಡಾಟ್ ಇಲ್ಲ, ತೋಳಿಗೆ ಬೇರೆ ಜೋಡಣೆ ಇಲ್ಲ, ಬಿಗಿ ಎಲ್ಲೂ ಇಲ್ಲ. ಮನೆಯೊಳಗೆ ತೊಡುವುದು, ಹೊಲಿಗೆ ಸ್ವಲ್ಪ ಸೊಟ್ಟಾದರೂ ನೋಡುವವರಿಲ್ಲ. ದಿನವೂ ಬಳಸುವುದರಿಂದ ಹೊಲಿದದ್ದು ಕಪಾಟಿನಲ್ಲಿ ಕೂರುವುದೂ ಇಲ್ಲ.

ಅಳತೆ ಇಲ್ಲಿದೆ. ಸಾಧಾರಣ ಎತ್ತರದವರಿಗೆ 58 ಇಂಚು ಅಗಲದ (ಅಂಗಡಿಯವರ ಮಾತಲ್ಲಿ ಪನ್ನಾ) ಹತ್ತಿ ಬಟ್ಟೆ 3 ಮೀಟರ್ ಬೇಕು. ಬೆಳಕಿಗೆ ಹಿಡಿದು ಕೈ ಕಾಣದ್ದನ್ನೇ ತೆಗೆದುಕೊಳ್ಳಿ. ಹೂವು ಒಂದೇ ದಿಕ್ಕಿಗೆ ನಿಂತಿರುವ ಪ್ರಿಂಟ್ ಬೇಡ. ಭುಜದ ಮೇಲೆ ಮಡಚುವುದರಿಂದ ಬೆನ್ನಿನ ಕಡೆ ಹೂವೆಲ್ಲ ತಲೆಕೆಳಗಾಗುತ್ತದೆ. ಕತ್ತರಿಸುವ ಮೊದಲು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಬಟ್ಟೆ ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ.

ಬಟ್ಟೆಯನ್ನು ಉದ್ದಕ್ಕೆ ಅರ್ಧ ಮಡಚಿ, ಆ ಮಡಿಕೆ ಭುಜ. ಮತ್ತೆ ಅಗಲಕ್ಕೆ ಅರ್ಧ ಮಡಚಿ, ಈ ಮಡಿಕೆ ನಿಮ್ಮ ಮೈಯ ನಡುಗೆರೆ. ನಾಲ್ಕು ಪದರ ಆಯಿತು. ಎರಡು ಮಡಿಕೆ ಸೇರುವ ಮೂಲೆ ಕುತ್ತಿಗೆ. ಅಲ್ಲಿಂದ ಭುಜದ ಮಡಿಕೆಯ ಮೇಲೆ 3 ಇಂಚು ಗುರುತಿಸಿ. ಕತ್ತರಿಸುವಾಗ ಬೆನ್ನಿನ ಕಡೆ 1 ಇಂಚು, ಮುಂದೆ 4 ಇಂಚು ಆಳ. ಇಷ್ಟರಲ್ಲಿ ತಲೆ ಹೋಗುವುದಿಲ್ಲ. ಮುಂದೆ ನಡುವಿನಲ್ಲಿ 5 ಇಂಚು ಸೀಳು ಕೊಟ್ಟು ಒಂದು ಹುಕ್ ಇಡಬೇಕು. ಕುತ್ತಿಗೆಯನ್ನೇ ದೊಡ್ಡದು ಮಾಡಲು ಹೋಗಬೇಡಿ, ಬಾಗಿದಾಗ ಜಾರುತ್ತದೆ.

ಕಂಕುಳು ಭುಜದ ಮಡಿಕೆಯಿಂದ 11 ಇಂಚು ಕೆಳಗೆ. ಮೈಯ ಅಗಲಕ್ಕೆ ಸೊಂಟದ ಕೆಳಗಿನ ದಪ್ಪ ಸುತ್ತಳತೆಯ ಕಾಲು ಭಾಗ, ಅದಕ್ಕೆ ಸಡಿಲಕ್ಕೆಂದು ಮೂರೂವರೆ ಇಂಚು, ಹೊಲಿಗೆಯ ಮಾರ್ಜಿನ್ 1 ಇಂಚು. ಸುತ್ತಳತೆ 42 ಆದರೆ ಹತ್ತೂವರೆ, ಮೂರೂವರೆ, ಒಂದು, ಒಟ್ಟು 15 ಇಂಚು. ಪಾದದ ಹತ್ತಿರ ಇನ್ನೂ 3 ಇಂಚು ಹೆಚ್ಚಿಸಿ, ಇಲ್ಲದಿದ್ದರೆ ಸುಜೂದಿನಿಂದ ಏಳುವಾಗ ಕಾಲಿಗೆ ತೊಡರುತ್ತದೆ. ಮಣಿಕಟ್ಟಿನಲ್ಲಿ ಐದೂವರೆ ಇಂಚು ಸಾಕು. ಕಂಕುಳಲ್ಲಿ ಚೂಪು ಮೂಲೆ ಬಿಡದೆ ಬಟ್ಟಲಿನ ಅಂಚಿನ ಹಾಗೆ ಸುತ್ತಿಸಿ ಕತ್ತರಿಸಿ. ಪಕ್ಕದಲ್ಲಿ ಉಳಿದ ತುಂಡು ಕುತ್ತಿಗೆಯ ಕ್ರಾಸ್ ಪಟ್ಟಿಗೆ, ಒಂದು ಕೈಚೀಲಕ್ಕೆ ಸಾಕು.

ಹೊಲಿಯುವ ಕ್ರಮ ಮುಖ್ಯ. ಬಟ್ಟೆ ಇನ್ನೂ ಹಾಸಿದ ಹಾಗೆ ಇರುವಾಗಲೇ ಕುತ್ತಿಗೆ ಮತ್ತು ಸೀಳು ಮುಗಿಸಿಬಿಡಿ. ಆಮೇಲೆ ಮಣಿಕಟ್ಟಿನಿಂದ ಕಂಕುಳು ಸುತ್ತಿ ಪಾದದವರೆಗೆ ಒಂದೇ ಗೆರೆ, ಎರಡೂ ಕಡೆ. ಕಂಕುಳಲ್ಲಿ ಇನ್ನೊಂದು ಸುತ್ತು ಹೊಲಿಗೆ ಕೊಡಿ, ಹರಿಯುವುದೇ ಅಲ್ಲಿ. ಸುತ್ತಿನ ಮಾರ್ಜಿನ್‌ಗೆ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿದರೆ ಎಳೆಯುವುದಿಲ್ಲ. ಕೊನೆಗೆ ತೋಳಿನ ಅಂಚು, ಕೆಳಗಿನ ಮಡಿಕೆ.

ಮಷಿನ್ ವಿಷಯ. ಕಲಿಯಲು ಕಾಲು ಮಷಿನೇ ಒಳ್ಳೆಯದು. ಮೋಟರ್ ಕಲಿಯುವವರ ಕೈಗಿಂತ ಮುಂದೆ ಓಡುತ್ತದೆ. ಮೊದಲ ಎರಡು ಮೂರು ದಿನ ನೂಲೇ ಹಾಕಬೇಡಿ. ಹಳೆಯ ಸೂಜಿ ಹಾಕಿ, ಮಕ್ಕಳ ಹಳೆಯ ನೋಟ್‌ಬುಕ್ಕಿನ ಗೆರೆ ಹಾಳೆಯ ಮೇಲೆ ತುಳಿಯಿರಿ. ತೂತು ಗೆರೆಯ ಮೇಲೇ ಬೀಳತೊಡಗಿದರೆ ಕೈಯೂ ಕಾಲೂ ಹೊಂದಿದವು ಎಂದರ್ಥ. ಸಾಧಾರಣ ಹತ್ತಿ ಬಟ್ಟೆಗೆ 14 ನಂಬರ್ ಸೂಜಿ, ತೆಳುವಿಗೆ 11, ದಪ್ಪಕ್ಕೆ 16. ಬಟ್ಟೆಯ ಅಡಿಯಲ್ಲಿ ನೂಲು ಉಂಗುರ ಉಂಗುರವಾಗಿ ಬಂದರೆ ಹೆಚ್ಚಿನವರು ಬಾಬಿನ್ ಬಿಚ್ಚಿ ಕೂರುತ್ತಾರೆ, ಆದರೆ ದೋಷ ಹೆಚ್ಚಾಗಿ ಮೇಲಿನ ನೂಲಿನದು. ಅದು ಸಡಿಲ ಇರುತ್ತದೆ, ಇಲ್ಲವೇ ಸರಿಯಾಗಿ ಪೋಣಿಸಿರುವುದಿಲ್ಲ. ಹೊಲಿಗೆ ಬಿಚ್ಚುವುದಕ್ಕೆ ಬೇಸರ ಪಡಬೇಡಿ. ದೊಡ್ಡ ಟೈಲರೂ ಬಿಚ್ಚುತ್ತಾನೆ, ನಮ್ಮೆದುರು ಬಿಚ್ಚುವುದಿಲ್ಲ ಅಷ್ಟೇ.

ಹೆಣ್ಣುಮಕ್ಕಳ ಹೊಲಿಗೆಯನ್ನು ಯಾರಾದರೂ "ಟೈಂಪಾಸ್" ಅಂದರೆ ಬೆಂಗೇರಿಯ ಕಡೆ ಕೈ ತೋರಿಸಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾದದ್ದು. 2004ರಿಂದ ಅಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. 150 ಮಿಲಿಮೀಟರ್ ಉದ್ದದ ಪುಟ್ಟ ಮೇಜಿನ ಧ್ವಜದಿಂದ 6,300 ಮಿಲಿಮೀಟರಿನ ದೊಡ್ಡದರವರೆಗೆ ಒಟ್ಟು ಒಂಬತ್ತು ಅಳತೆ. ಬಣ್ಣ, ಅಳತೆ, ನೂಲು, ಹೊಲಿಗೆ ಎಲ್ಲಕ್ಕೂ ಬಿಐಎಸ್ ನಿಯಮ ಇದೆ, ತಪ್ಪಿದರೆ ಧ್ವಜ ತಿರಸ್ಕಾರ. ಚಕ್ರದ 24 ಗೆರೆ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಮಷಿನಿನಲ್ಲಿ ತಯಾರಾದ ಬಟ್ಟೆಗೂ ಅವಕಾಶ ಬಂತು. ಮರುವರ್ಷ ಇಲ್ಲಿಯವರು ಅದರ ವಿರುದ್ಧ ದನಿ ಎತ್ತಿದರು. ಅಗ್ಗದ ಬಟ್ಟೆ ಬಂದಾಗ ಮೊದಲು ಬಿಸಿ ತಟ್ಟುವುದು ನೂಲುವವರಿಗೆ, ಹೊಲಿಯುವವರಿಗೆ. ಅಂದ ಹಾಗೆ, ಯಂತ್ರಗಳನ್ನು ಅಷ್ಟು ಟೀಕಿಸಿದ ಗಾಂಧೀಜಿಯೂ 1924ರ ಒಂದು ಮಾತುಕತೆಯಲ್ಲಿ ಹೊಲಿಗೆ ಮಷಿನಿಗೆ ವಿನಾಯಿತಿ ಕೊಟ್ಟಿದ್ದರು.

ಮಷಿನ್ ಕೊಳ್ಳಲು ಆಗದವರೂ ಸೂಜಿ ಹಿಡಿಯಬಹುದು. ಧಾರವಾಡ ಸೀಮೆಯ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕುವುದು, ಗಂಟು ಇಲ್ಲ. ಗಾವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಬದಿಗೆ ಒಂದೇ ತರ ಕಾಣುತ್ತವೆ. ನಿಸ್ಕಾರ ಕುಪ್ಪಾಯದ ತೋಳಿನ ಅಂಚಿಗೆ ಗಾವಂತಿಯ ಒಂದು ಸಾಲು ಹಾಕಿ ನೋಡಿ. ನೆರೆಮನೆಯ ಅವ್ವನವರಿಗೆ ಗೊತ್ತಿದ್ದರೆ ಕೂರಿಸಿಕೊಂಡು ಕಲಿಸುತ್ತಾರೆ, ಕೇಳಲು ಹಿಂಜರಿಯಬೇಡಿ.

ಎರಡು ಕುಪ್ಪಾಯ ಹೊಲಿದ ಮೇಲೆ ಮುಂದಿನದು ಕುರ್ತಾ. ಆಗ ಅಳತೆ ಬಟ್ಟೆ ಬೇಡ. ಮಗಳ ಕೈಗೋ ತಂಗಿಯ ಕೈಗೋ ಟೇಪ್ ಕೊಟ್ಟು ಮೈಯನ್ನೇ ಅಳೆಯಿಸಿ, ತಾರೀಖು ಹಾಕಿ ಬರೆದಿಡಿ, ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಬುರ್ಖಾದ ನಿದಾ ಬಟ್ಟೆಗೆ ಅವಸರ ಬೇಡ. ಅದು ಮಷಿನಿನ ಕೆಳಗೆ ಮೀನಿನ ಹಾಗೆ ಜಾರುತ್ತದೆ, ಕೈ ಪಳಗಿದ ಮೇಲೆ ನೋಡಿಕೊಳ್ಳಿ.

ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ನಮ್ಮ ಉಜಿರೆಯಲ್ಲೇ ಶುರುವಾದ ಸಂಸ್ಥೆ ಅದು. 18ರಿಂದ 45 ವರ್ಷದವರಿಗೆ ಊಟ-ವಸತಿ ಸಹಿತ ಉಚಿತ ತರಬೇತಿ, ಹಳ್ಳಿಯವರಿಗೆ ಆದ್ಯತೆ. ಹೊಲಿಗೆಯ ತರಬೇತಿ ಯಾವಾಗ ಎಂದು ಮೊದಲೇ ವಿಚಾರಿಸಿ ಹೋಗಿ. ಸರಕಾರಿ ಐಟಿಐಗಳಲ್ಲಿ ಹೊಲಿಗೆಯ ಒಂದು ವರ್ಷದ ಕೋರ್ಸ್ ಇರುವಲ್ಲಿ ಅದೂ ಒಳ್ಳೆಯದೇ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು. ಸಾಲವೂ ಇದೆ, ಅದಕ್ಕೆ ಬಡ್ಡಿ ಇದೆ ಎನ್ನುವುದು ತಿಳಿದಿರಲಿ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಇದು ಈಗಾಗಲೇ ಹೊಲಿಗೆಯನ್ನೇ ಕಸುಬು ಮಾಡಿಕೊಂಡವರಿಗೆ ಇರುವುದು, ಹೊಸದಾಗಿ ಕಲಿಯುವವರಿಗಲ್ಲ. ಸುಮ್ಮನೆ ಅರ್ಜಿ ತುಂಬಿಸಿ ದುಡ್ಡು ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

ಮನೆಯಲ್ಲಿ ಮಷಿನ್ ಇದೆ ಅಂತ ಗೊತ್ತಾದ ದಿನದಿಂದ ಓಣಿಯವರು ಬರುತ್ತಾರೆ. ಒಂದು ಫಾಲ್, ಒಂದು ಜಿಪ್, ಮಗನ ಪ್ಯಾಂಟಿನ ಕೆಳಗಿನ ಮಡಿಕೆ. "ಐದು ನಿಮಿಷದ ಕೆಲಸ ಅಲ್ವಾ" ಅನ್ನುತ್ತಾರೆ. ಮೊದಲ ದಿನ ಪ್ರೀತಿಗೆ ಮಾಡಿಕೊಡಿ, ತಪ್ಪಿಲ್ಲ. ಎರಡನೇ ಸಲ ರೇಟ್ ಹೇಳಿ. ಹತ್ತಿರದ ಅಂಗಡಿಯಲ್ಲಿ ಎಷ್ಟು ತೆಗೆದುಕೊಳ್ಳುತ್ತಾರೆ ಕೇಳಿಕೊಂಡು ಅಷ್ಟೇ ಹೇಳಿ, ಕಡಿಮೆ ಹೇಳಬೇಡಿ. ಬಂದ ದುಡ್ಡನ್ನು ಅಡುಗೆಮನೆಯ ಡಬ್ಬಿಗೆ ಹಾಕದೆ ನಿಮ್ಮ ಹೆಸರಿನ ಖಾತೆಗೆ ಹಾಕಿ, ಯಾರದು ಎಷ್ಟು ಬಾಕಿ ಅಂತ ಅದೇ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.